ನಡಿಗೆಯ ವೇಗದಲ್ಲಿ ಒಂದು ಸೇಡು

ಮೇ ೫, ಮಂಗಳವಾರ. ಬ್ರಾನ್‌ಸ್ಟನ್

ಇವತ್ತು ಅವನನ್ನು ನೋಡಿದೆ.

ಕಾಲುವೆ ದಡದ ನಲ್ಲಿಯ ಹತ್ತಿರ ದೋಣಿ ಕಟ್ಟಿ, ಪೈಪು ಹಾಕಿ ನೀರು ತುಂಬಿಸುತ್ತಾ ನಿಂತಿದ್ದ. ನಾನು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬರುತ್ತಿದ್ದೆ. ಗುರುತು ಸಿಕ್ಕಿದ್ದು ಮುಖದಿಂದಲ್ಲ, ದನಿಯಿಂದ. ಪಕ್ಕದ ದೋಣಿಯವಳ ಹಗ್ಗ ಜಾರುತ್ತಿತ್ತು. "ಇರಿ ಇರಿ, ನಾನ್ ಹಿಡ್ಕೋತೀನಿ!" ಅಂತ ಓಡಿದ. ಅದೇ ಯಾರ್ಕ್‌ಶೈರ್ ದನಿ. ಕೇಳದೆ ಸಹಾಯಕ್ಕೆ ಬೀಳುವ ಅದೇ ಉಮೇದು. ಹತ್ತಿರ ಹೋದಾಗ ಯಾರೋ ಅವನನ್ನು ನಾರಿಸ್ ಅಂತ ಕರೆದರು. ನಾರಿಸ್ ಹೆಬ್ಡನ್. ಅವನೇ.

ನನ್ನ ಕಡೆ ತಿರುಗಿ ನಕ್ಕ. "ಒಳ್ಳೆ ಬಿಸಿಲು ಬಂತು ನೋಡಿ, ಅಲ್ವಾ?"

ಹೌದು ಅಂದೆ. ಮೂರು ವರ್ಷದಿಂದ ಅವನಿಗೆ ಹೇಳಬೇಕು ಅಂತ ಕೂಡಿಟ್ಟುಕೊಂಡಿದ್ದನ್ನೆಲ್ಲ ಬಿಟ್ಟು, ಹೌದು ಅಂದೆ.

ಅವನಿಗೆ ನಾನು ಯಾರಂತ ತಿಳಿಯಲಿಲ್ಲ. ಹೇಗೆ ತಿಳಿಯಬೇಕು? ಆಗ ನನಗೆ ಭುಜ ಮುಟ್ಟುವ ಕಪ್ಪು ಕೂದಲು. ಈಗ ಗಂಡಸರ ಹಾಗೆ ಕತ್ತರಿಸಿಕೊಂಡ ಬಿಳಿ ಕೂದಲು, ಕೋಟು ಹ್ಯಾಂಗರಿಗೆ ಹಾಕಿದ ಹಾಗೆ ಮೈ.

ಯಾರೂ ಓದದ ಪುಸ್ತಕ ಇದು. ಆದರೂ ಒಂದು ಸಲ ನೆಟ್ಟಗೆ ಬರೆದಿಡುತ್ತೇನೆ. ಆ ಲಾಕಿನ ಹೆಸರು ಮಾತ್ರ ಬರೆಯುವುದಿಲ್ಲ. ಎರಡು ಕದಗಳ ನಡುವಿನ ಕಲ್ಲಿನ ತೊಟ್ಟಿ, ತೂಬೆತ್ತಿ ನೀರು ತುಂಬಿಸಿದರೆ ದೋಣಿ ಏರುತ್ತದೆ, ಬಸಿದರೆ ಇಳಿಯುತ್ತದೆ. ನಾವು ಮೇಲಕ್ಕೆ ಹತ್ತುತ್ತಿದ್ದೆವು. ದೋಣಿ ಲಾಕಿನ ತಳದಲ್ಲಿ, ನಾನು ಹಿಂದೆ ಚುಕ್ಕಾಣಿ ಹಿಡಿದಿದ್ದೆ, ನನ್ನ ಗಂಡ ಡೆಸ್ ಮುಂದಿನ ಕೋಣೆಯಲ್ಲಿ ಚಹಾ ಮಾಡುತ್ತಿದ್ದರು, ಮೂತಿಯ ಬಾಗಿಲು ತೆರೆದಿತ್ತು. ನಾವು ಯಾರನ್ನೂ ಕರೆದಿರಲಿಲ್ಲ. ಮೇಲೆ ಒಬ್ಬ ಅಪರಿಚಿತ ಬಂದು "ನಾನ್ ಎತ್ತತೀನಿ" ಅಂತ ಮೇಲಿನ ಕದದ ತೂಬನ್ನು ಒಂದೇ ಸಲಕ್ಕೆ ಪೂರ್ತಿ ಎತ್ತಿಬಿಟ್ಟ. ನೀರು ಗೋಡೆಯ ಹಾಗೆ ದೋಣಿಯ ಮೂತಿಯೊಳಗೆ ಬಿತ್ತು. ಮೂತಿ ಮುಳುಗಿತು. ನಾನು ಏಣಿ ಹಿಡಿದು ಹತ್ತಿದೆ. ಡೆಸ್ ಹೊರಗೆ ಬರಲಿಲ್ಲ.

ವಿಚಾರಣೆಗೆ ನಾನು ಹೋಗಲಿಲ್ಲ, ಆಗಲಿಲ್ಲ. ಪಿಪ್ಪಾ ಹೋಗಿದ್ದಳು. ಆಕಸ್ಮಿಕ ಅಂದರಂತೆ. ಅವನು ಹೇಳಿದ್ದನ್ನು ಮಗಳ ಬಾಯಿಂದ ಕೇಳಿದೆ: "ನಾನು ಸಹಾಯ ಮಾಡೋಕೆ ಹೋಗಿದ್ದೆ, ಅಷ್ಟೆ."

ಅಷ್ಟೆ.

ಅವನ ದೋಣಿಯ ಹೆಸರು ಟೀಸಲ್. ಉದ್ದನೆಯ ದೋಣಿ, ಕಡು ಹಸಿರು ಬಣ್ಣ, ಚಾವಣಿ ಮೇಲೆ ಪುದೀನ ಕುಂಡಗಳು. ನಾಳೆ ಬೆಳಿಗ್ಗೆ ವಾರಿಕ್ ಕಡೆ ಹೊರಡುತ್ತಾನಂತೆ.


ಮೇ ೬, ಬುಧವಾರ

ನಾನೂ ಹೊರಟೆ.

ನನ್ನ ದೋಣಿ ಮೆಡ್ಲರ್ ತಗೊಂಡು ಎರಡು ವರ್ಷವಾಯಿತು, ಇಷ್ಟು ದಿನ ಒಂದು ಅಂಗುಲ ಕದಲಿರಲಿಲ್ಲ. ಡೆಸ್ ಹೋದ ಮೇಲೆ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ, ಅದಕ್ಕೆ ಈ ಪುಟ್ಟ ದೋಣಿ. ಆದರೆ ಕಟ್ಟಿದ ದೋಣಿ. ಹಗ್ಗಗಳಿಗೆ ಪಾಚಿ ಹಿಡಿದು ಗಂಟು ಬಿಚ್ಚಲು ಆಗದೆ ಬ್ರೆಡ್ ಚಾಕುವಿನಲ್ಲಿ ಕೊಯ್ದೆ. ಇಂಜಿನ್ ಮೂರು ಸಲ ಕೆಮ್ಮಿ ಶುರುವಾಯಿತು. ಪಕ್ಕದ ದೋಣಿಯವರು ಕಿಟಕಿಯಿಂದ ಬಗ್ಗಿ ನೋಡಿದರು, ನೋಡಲಿ.

ಕಾಲುವೆಯಲ್ಲಿ ಬೆನ್ನಟ್ಟುವುದು ನಗೆಪಾಟಲಿನ ಕೆಲಸ. ನಡೆಯುವವರ ವೇಗಕ್ಕಿಂತ ಜೋರಾಗಿ ಹೋಗುವ ಹಾಗಿಲ್ಲ. ಹೋದರೆ ಅಲೆಯೆದ್ದು ದಡದ ದೋಣಿಗಳು ಒದ್ದಾಡುತ್ತವೆ, ಅವರೆಲ್ಲ ಬೈಯುತ್ತಾರೆ. ದಡದಲ್ಲಿ ನಾಯಿ ಜೊತೆ ನಡೆಯುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ದಾಟಿ ಹೋದಳು. ಆದರೆ ಅವನದ್ದೂ ಅದೇ ವೇಗ. ನನಗೆ ಅವಸರವಿಲ್ಲ.

ಪಿಪ್ಪಾ ಫೋನು ಮಾಡಿದಳು, ಎತ್ತಲಿಲ್ಲ. ಡಬ್ಬಿಯ ಸೂಪು ಕುಡಿದು ಮಲಗುತ್ತೇನೆ.


ಮೇ ೮, ಶುಕ್ರವಾರ. ಕ್ಯಾಲ್ಕಟ್

ಲಾಕಿನ ಮೇಲ್ಗಡೆ ಟೀಸಲ್ ನಿಂತಿತ್ತು. ಅವನು ಚಾವಣಿ ಮೇಲೆ ಕೂತು ಪುದೀನ ಚಿವುಟುತ್ತಿದ್ದ. ಬೇರೆ ದೋಣಿ ಬರಲಿ ಅಂತ ಕಾಯುತ್ತಿದ್ದನಂತೆ.

"ಒಬ್ರೇನಾ? ನಾನೂ ಒಬ್ನೇ," ಅಂದ. "ಜೊತೆಗೆ ಇಳಿಯೋಣ. ಇಲ್ಲಿ ಎರಡು ದೋಣಿ ಪಕ್ಕಪಕ್ಕ ಹಿಡೀತಾವೆ, ನೀರೂ ಉಳೀತದೆ."

"ದಡದ ಕೆಲಸ ಯಾರು ಮಾಡೋದು?"

"ನೀವು ಮಾಡ್ತೀರಾ ತಾಯಿ? ನನಗೆ ಅದು..." ಭುಜ ಕುಣಿಸಿದ. "ನಾನು ದೋಣಿ ನೋಡ್ಕೋತೀನಿ. ನಿಮ್ದನ್ನೂ ಹಗ್ಗದಲ್ಲಿ ಹಿಡ್ಕೊಂಡಿರ್ತೀನಿ."

ಎಂಥಾ ದೊರೆ! ಮೂರು ವರ್ಷದ ಹಿಂದೆ ಕರೆಯದೆ ಬಂದು ತೂಬೆತ್ತಿದವನು ಈಗ ಚುಕ್ಕಾಣಿ ಹಿಡಿದು ನಿಂತು ಅರವತ್ತು ದಾಟಿದ ಹೆಂಗಸಿನ ಕೈಯಲ್ಲಿ ತೂಬೆತ್ತಿಸುತ್ತಾನೆ. ಸೋಮಾರಿ ಅಂತ ಮನಸ್ಸಿನಲ್ಲೇ ಬೈದೆ. ಆಮೇಲೆ ಹೊಳೆಯಿತು: ತೂಬಿಗೆ ಸಿಕ್ಕಿಸಿ ತಿರುಗಿಸುವ ಹಿಡಿ ನನ್ನ ಕೈಯಲ್ಲಿ, ಅವನು ಕೆಳಗೆ ನೀರಿನಲ್ಲಿ. ಇದಕ್ಕಿಂತ ಇನ್ನೇನು ಬೇಕು?

ಹೆಸರು ಕೇಳಿದ. ಗ್ಲೆಂಡಾ ಟ್ರಾಂಟರ್ ಅಂದೆ. ಅದು ತವರಿನ ಹೆಸರು.

ಮೂರು ಲಾಕು ಇಳಿದೆವು. ಡೆಸ್ ಹೋದ ಮೇಲೆ ನಾನು ಹತ್ತಿರ ಹೋದ ಮೊದಲ ಲಾಕು, ಕದ ತಳ್ಳುವ ತೊಲೆಯನ್ನು ಬಿಡದೆ ಹಿಡಿದುಕೊಂಡಿದ್ದೆ. ಮೂರನೆಯದರ ಹೊತ್ತಿಗೆ ಹಸಿವಾಯಿತು, ಅಷ್ಟೆ ನೆನಪು. ಸಂಜೆ ಮೊಟ್ಟೆ ಬೇಯಿಸಿಕೊಂಡು ತಿಂದೆ.


ಮೇ ೯, ಶನಿವಾರ

ಮಳೆ. ಇಬ್ಬರೂ ಕದಲಲಿಲ್ಲ. ಕೂತು ಯೋಚಿಸಿದೆ.

ಇಳಿಯುವ ಲಾಕಿನಲ್ಲಿ ಹಿಂದಿನ ಕದದ ಬುಡಕ್ಕೆ ಕಲ್ಲಿನ ಹೊಸ್ತಿಲು ಇರುತ್ತದೆ. ನೀರು ತುಂಬಿದಾಗ ಕಾಣುವುದಿಲ್ಲ. ಅದು ಎಲ್ಲಿಯವರೆಗೆ ಚಾಚಿದೆ ಅಂತ ಗೋಡೆಗೆ ಬಿಳಿ ಗೆರೆ ಎಳೆದಿರುತ್ತಾರೆ. ದೋಣಿಯ ಹಿಂಭಾಗ ಗೆರೆಯ ಹಿಂದೆ ಉಳಿದರೆ, ನೀರು ಇಳಿಯುತ್ತಿದ್ದಂತೆ ಹಿಂಭಾಗ ಹೊಸ್ತಿಲ ಮೇಲೆ ಕೂತುಬಿಡುತ್ತದೆ. ಮೂತಿ ಮಾತ್ರ ಇಳಿಯುತ್ತದೆ. ಆಮೇಲೆ ದೋಣಿ ಮುಗ್ಗರಿಸಿ ಮೂತಿಯಿಂದ ನೀರು ಕುಡಿಯುತ್ತದೆ. ನಮ್ಮ ಹಾಗೆ.

ನನ್ನ ದೋಣಿ ಗಿಡ್ಡ, ಮುಂದೆ ನಿಂತರೆ ಹೊಸ್ತಿಲಿಗೂ ಅದಕ್ಕೂ ಸಂಬಂಧವಿಲ್ಲ. ಅವನದು ಲಾಕಿನಷ್ಟೇ ಉದ್ದ. ನಾನೇನೂ ಮಾಡಬೇಕಿಲ್ಲ. ಅವನು ಒಂದು ಸಲ ಮೈಮರೆತರೆ ಸಾಕು, ನಾನು ಸುಮ್ಮನಿದ್ದರೆ ಆಯಿತು. ಆಕಸ್ಮಿಕ ಅನ್ನುತ್ತಾರೆ. ಪೊಲೀಸಿನವರು ಕೇಳಿದರೆ ನಾನೂ ಹೇಳುತ್ತೇನೆ: ಸಹಾಯ ಮಾಡೋಕೆ ಹೋಗಿದ್ದೆ, ಅಷ್ಟೆ.

ಇದನ್ನು ಬರೆದ ಮೇಲೆ ಹಿತ್ತಾಳೆಯ ದೀಪವನ್ನೆಲ್ಲ ಉಜ್ಜಿ ಫಳಫಳ ಮಾಡಿದೆ. ಕೈಗೆ ಏನಾದರೂ ಬೇಕಿತ್ತು.


ಮೇ ೧೧, ಸೋಮವಾರ. ಸ್ಟಾಕ್‌ಟನ್

ಮೈಮರೆತ.

ಸ್ಟಾಕ್‌ಟನ್ನಿನಲ್ಲಿ ಲಾಕುಗಳು ಒಂದರ ಕೆಳಗೊಂದು, ಮೆಟ್ಟಿಲಿನ ಹಾಗೆ. ಅರ್ಧ ಇಳಿದಿದ್ದೆವು. ನಾನು ಕೆಳಗಿನ ಕದದ ಹತ್ತಿರ ತೂಬೆತ್ತಿ ನಿಂತಿದ್ದೆ. ಅವನು ಕೆಳಗಿಂದ ಕೂಗಿದ: "ಗ್ಲೆಂಡಾ ಅವ್ರೇ, ಬೆಳಿಗ್ಗೆಯಿಂದ ಸುತ್ತಿ ಸುತ್ತಿ ಸಾಕಾಗಿರ್ಬೇಕು. ಚಹಾ ಹಾಕ್ತೀನಿ ಇರಿ!" ಹಗ್ಗವನ್ನು ಸಡಿಲ ಬಿಟ್ಟು ಒಳಗೆ ಹೋದ.

ಟೀಸಲ್ ಹಿಂದಕ್ಕೆ ಜಾರಿತು. ಮೊದಲು ಚುಕ್ಕಾಣಿ ಬಿಳಿ ಗೆರೆ ದಾಟಿತು, ಆಮೇಲೆ ಹಿಂದಿನ ಬಾಗಿಲು. ನಾನು ನೋಡುತ್ತಿದ್ದೆ. ನೀರು ಇಳಿಯುತ್ತಿತ್ತು. ಒಳಗೆ ಅವನು ಏನೋ ಗುನುಗುತ್ತಿದ್ದ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ ಹೇಳಲಾರೆ. ಕಲ್ಲಿನ ಮೇಲೆ ಕಬ್ಬಿಣ ಕೂತ ಸದ್ದು ಬಂತು, ಮೂತಿ ಬಗ್ಗಿತು, ಚಾವಣಿಯ ಕುಂಡಗಳು ಉರುಳಿ ಒಂದೊಂದೇ ನೀರಿಗೆ ಬಿದ್ದವು. ಒಳಗೆ ಪಾತ್ರೆ ಬಿದ್ದ ಸದ್ದು. ಅವನು "ಅಯ್ಯೋ" ಅಂದ. ಜೋರಾಗಿಯೂ ಅಲ್ಲ.

ಆಮೇಲೆ ನಾನು ತೂಬು ಇಳಿಸುತ್ತಿದ್ದೆ. ಕಿರುಚುತ್ತಿದ್ದೆ. ಇನ್ನೊಂದು ತೂಬು ಆ ಕಡೆ, ಕದದ ಮೇಲಿನ ಹಲಗೆ ದಾಟಿ ಓಡಿ ಅದನ್ನೂ ಇಳಿಸಿದೆ. ಮತ್ತೆ ಮೇಲಿನ ಕದಕ್ಕೆ ಓಡಿ ಅಲ್ಲಿನ ತೂಬನ್ನು ಸ್ವಲ್ಪ, ಸ್ವಲ್ಪವೇ ಎತ್ತಿದೆ. ನೀರು ಏರಿತು. ಟೀಸಲ್ ಒಂದು ಸಲ ನರಳಿ ಕಲ್ಲು ಬಿಟ್ಟು ತೇಲಿತು.

ಅವನು ಹೊರಗೆ ಬಂದ. ಮುಂಗೈ ಮೇಲೆ ಬಿಸಿನೀರು ಬಿದ್ದು ಕೆಂಪಾಗಿತ್ತು. "ನನ್ನ ಪ್ರಾಣ ಉಳಿಸಿದ್ರಿ."

"ಗೆರೆ ಕಾಣಲ್ವೇನ್ರೀ ನಿಮ್ಗೆ? ಕಣ್ಣೇನು ಜೇಬಲ್ಲಿ ಇಟ್ಕೊಂಡಿದ್ದೀರಾ? ಚಹಾ ಅಂತೆ ಚಹಾ! ಯಾರ್ ಕೇಳಿದ್ರು ನಿಮ್ಮ ಚಹಾನ?" ಅಂತ ಬಾಯಿಗೆ ಬಂದ ಹಾಗೆ ಬೈದೆ. ತಲೆ ಬಗ್ಗಿಸಿ ಕೇಳಿಸಿಕೊಂಡ.

ನನ್ನ ಕೈಗಳ ಮೇಲೆ ನನಗೆ ಸಿಟ್ಟು. ಯಾರು ಹೇಳಿದರು ಇವಕ್ಕೆ ತೂಬಿಳಿಸು ಅಂತ?


ಮೇ ೧೨

ಇನ್ನೊಂದು ಅವಕಾಶ ಸಿಗದೆ ಇರುವುದಿಲ್ಲ. ಸುಟ್ಟ ಗಾಯದ ಮುಲಾಮು ಕೇಳಿದ, ಕೊಟ್ಟೆ. ಕೊಡದಿದ್ದರೆ ಅನುಮಾನ ಬರುತ್ತದೆ.


ಮೇ ೧೪, ಗುರುವಾರ. ರ‍್ಯಾಡ್‌ಫರ್ಡಿನಿಂದ ವಾರಿಕ್‌ವರೆಗೆ

ಇವತ್ತು ಲಾಕೇ ಇಲ್ಲದ ದಾರಿ. ಎರಡು ದೋಣಿಗಳನ್ನೂ ಪಕ್ಕಪಕ್ಕ ಕಟ್ಟಿ ಒಂದೇ ಇಂಜಿನ್‌ನಲ್ಲಿ ಹೋಗೋಣ ಅಂದ. ಒಪ್ಪಿದೆ. ಹತ್ತಿರವಿದ್ದರೆ ಅವನನ್ನು ಚೆನ್ನಾಗಿ ಅಳೆಯಬಹುದು ಅಂತ.

ಬೆಳಗಿನ ಬಿಸಿಲು. ಎರಡೂ ದಡದಲ್ಲಿ ಮುಳ್ಳುಬೇಲಿ ತುಂಬಾ ಬಿಳಿ ಹೂ, ಗಾಳಿ ಬೀಸಿದಾಗಲೆಲ್ಲ ನೀರಿನ ಮೇಲೆ ಉದುರುತ್ತಿತ್ತು. ಅವನು ಬೇಕನ್ ಹುರಿದು ಬ್ರೆಡ್ಡಿನಲ್ಲಿಟ್ಟು ಕೊಟ್ಟ. ಒಂದು ಬಾತುಕೋಳಿ ಮರಿಗಳ ದಂಡು ಕಟ್ಟಿಕೊಂಡು ನಮ್ಮ ಜೊತೆಗೇ ಬಂತು. ಮೊನ್ನೆ ಸಂಜೆ ಲಾಂಗ್ ಇಚಿಂಗ್ಟನ್ನಿನ ಅಂಗಡಿಯಿಂದ ತಂದ ರೂಬಾರ್ಬಿನ ಹುಳಿ ದಂಟು ಇತ್ತು, ಹಾಳಾಗುತ್ತದಲ್ಲ ಅಂತ ಹಿಟ್ಟು ಸಕ್ಕರೆ ಉದುರಿಸಿ ಒಲೆಯೊಳಗಿಟ್ಟಿದ್ದೆ. ಅವನಿಗೋಸ್ಕರ ಅಲ್ಲ. ಎರಡು ಬಟ್ಟಲು ತಿಂದ.

"ನನ್ನ ಹೆಂಡತಿ ಬಿಟ್ಟು ಹೋದ ಮೇಲೆ ಇಂಥದ್ದು ತಿಂದಿರ್ಲಿಲ್ಲ," ಅಂದ.

"ಯಾಕೆ ಬಿಟ್ಟು ಹೋದ್ರು?"

"ನನ್ನ ಜೊತೆ ಇರೋಕಾಗ್ಲಿಲ್ಲ ಅವ್ಳಿಗೆ. ಮಾತೇ ಆಡ್ತಿರ್ಲಿಲ್ಲ ನಾನು." ಚುಕ್ಕಾಣಿಯನ್ನು ಸ್ವಲ್ಪ ಒತ್ತಿದ. ಸೇತುವೆಯೊಂದು ದಾಟಿತು. "ನಿಮಗೊಂದು ಹೇಳ್ಬೇಕು ಗ್ಲೆಂಡಾ ಅವ್ರೇ. ನನ್ನ ಸೋಮಾರಿ ಅಂದ್ಕೊಂಡಿದ್ದೀರಿ. ಎಲ್ರೂ ಅಂದ್ಕೋತಾರೆ. ನಾನು ತೂಬು ಮುಟ್ಟಲ್ಲ. ಮುಟ್ಟೋಕಾಗಲ್ಲ. ನನ್ನಿಂದ ಒಬ್ರು ಸತ್ತೋದ್ರು."

ನಾನು ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡೆ.

ಹೇಳಿದ. ಎಲ್ಲವನ್ನೂ ಹೇಳಿದ. ಅಂದು ಬೆಳಿಗ್ಗೆ ಅವನಿಗೆ ಅವಸರವಿತ್ತಂತೆ, ನಾವು ಬೇಗ ದಾಟಿದರೆ ತಾನೂ ಬೇಗ ದಾಟಬಹುದು ಅಂತ. ನಾನು ಕಂಡ ನೀರನ್ನು ಅವನು ಮೇಲಿನಿಂದ ಕಂಡಿದ್ದ. ತೂಬು ಇಳಿಸಲು ಹೋದಾಗ ಹಿಡಿ ಕೈತಪ್ಪಿ ನೀರಿಗೆ ಬಿತ್ತಂತೆ. ಅದು ನನಗೆ ಗೊತ್ತಿರಲಿಲ್ಲ.

"ಸಹಾಯ ಮಾಡೋಕೆ ಹೋಗಿದ್ದೆ ಅಂದೆ ವಿಚಾರಣೇಲಿ. ಸುಳ್ಳು. ಅವಸರ ಇತ್ತು, ಅಷ್ಟೆ. ಅವರ ಹೆಂಡತಿ ಮೇಲೆ ನಿಂತು ಕೂಗ್ತಾ ಇದ್ರು. ಆ ಮುಖ ನಾನು ಸಾಯೋತನಕ ಮರೆಯಲ್ಲ."

ನನ್ನ ಮುಖವನ್ನೇ ನೋಡುತ್ತಾ ಹೇಳಿದ.

ಕಾಲುವೆಯೇ ಸೇತುವೆಯಾಗಿ ಏವನ್ ನದಿಯ ಮೇಲೆ ದಾಟುವ ಕಡೆ ಬಂದಿತ್ತು. ಕೆಳಗೆ ನದಿ, ಮೇಲೆ ನಾವು. ಅವನು ನನ್ನ ಮೌನವನ್ನು ಕರುಣೆ ಅಂದುಕೊಂಡ.


ಮೇ ೧೫, ಶುಕ್ರವಾರ. ವಾರಿಕ್

ಇವನ ದುಃಖವಂತೆ! ಇವನ ಹೆಂಡತಿ ಬಿಟ್ಟು ಹೋದಳಂತೆ! ನನ್ನ ಡೆಸ್ ಇವನ ಕಥೆಯಲ್ಲಿ "ಒಬ್ರು". ಹೆಸರೂ ಹೇಳಲಿಲ್ಲ. ನನ್ನ ಮೂರು ವರ್ಷವನ್ನು ಇವನು ರೂಬಾರ್ಬಿನ ಜೊತೆ ನುಂಗಿ ಕೂತ. ಹೊಸ್ತಿಲ ಮೇಲೆ ಬಿಡಬೇಕಿತ್ತು. ಬಿಡಬೇಕಿತ್ತು.

ಸುಳ್ಳು ಅಂತ ಅವನೇ ಒಪ್ಪಿಕೊಂಡಿದ್ದು ಮಾತ್ರ ಯಾಕೋ ನಿನ್ನೆಯಿಂದ ಕಿವಿಯಲ್ಲೇ ಇದೆ. ಅದು ಹೋದರೆ ನಿದ್ದೆ ಬರುತ್ತದೆ.

ಪಿಪ್ಪಾ ಫೋನು ಮಾಡಿದಳು. ಎತ್ತಿದೆ. ಅವನು ಸಿಕ್ಕಿದ್ದನ್ನೂ ಅವನ ಜೊತೆಗೇ ಹೋಗುತ್ತಿರುವುದನ್ನೂ ಹೇಳಿಬಿಟ್ಟೆ.

"ಅಮ್ಮ, ನಿನ್ಗೆ ತಲೆ ಕೆಟ್ಟಿದ್ಯಾ? ಅವ್ನ ಜೊತೆನಾ? ಈಗ್ಲೇ ಬರ್ತೀನಿ, ಎಲ್ಲಿದ್ದೀಯ?"

"ವಾರಿಕ್‌ನಲ್ಲಿ."

"ವಾರಿಕ್ಕಾ? ಅಲ್ಲಿಗೆ ಹೇಗೆ ಹೋದೆ? ನೀನೇ ಓಡಿಸ್ಕೊಂಡು ಹೋದ್ಯಾ? ಮಧ್ಯದಲ್ಲಿ ಲಾಕಿದ್ವಲ್ಲ?"

"ಇದ್ವು. ಇಳ್ದೆ."

ಫೋನಿನ ಆ ಕಡೆ ಅಳುವ ಸದ್ದು. ಯಾಕೆ ಅಳುತ್ತಾಳೋ, ನನಗೆ ಇಲ್ಲದ ತಲೆನೋವು ತರುತ್ತಾಳೆ. ನಾನು ಅವನ ವಿಷಯ ಮಾತಾಡುತ್ತಿದ್ದರೆ ಅವಳು ಲಾಕಿನ ವಿಷಯ ಹಿಡಿದುಕೊಂಡು ಕೂತಳು.


ಮೇ ೧೬, ಶನಿವಾರ. ಕೇಪ್

ಇಲ್ಲಿಂದ ಮುಂದೆ ಹತ್ತುವ ಲಾಕುಗಳು. ಕೆಳಗೆ ನಿಂತು ಮೇಲಿನ ಕದ ನೋಡಿದೆ. ಕಪ್ಪು ಮರ, ಸಂದಿಯಿಂದ ನೀರು ಜಿನುಗುತ್ತಿತ್ತು. ಅವನೂ ನನ್ನ ಹಿಂದೆ ನಿಂತು ಅದನ್ನೇ ನೋಡುತ್ತಿದ್ದ.

"ಯಾರಾದ್ರೂ ಬರೋತನಕ ಕಾಯೋಣ್ವಾ?" ಅಂದ.

ತಿರುಗಿದೆ. "ಅವರ ಹೆಸರು ಡೆಸ್ಮಂಡ್ ಫಾರೋ."

ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕದದ ತೊಲೆ ಹಿಡಿದು ಅದರ ಮೇಲೆ ಕೂತ. ನನ್ನ ಮುಖವನ್ನು, ಕೂದಲನ್ನು, ಕೈಗಳನ್ನು ನೋಡಿದ.

"ಸ್ಟಾಕ್‌ಟನ್‌ನಲ್ಲಿ..." ಅಂದ.

"ಹೌದು. ನೋಡ್ತಾ ನಿಂತಿದ್ದೆ. ನಿಮ್ಮ ದೋಣಿ ಮಗುಚೋದನ್ನ ನೋಡ್ತಾ ನಿಂತಿದ್ದೆ."

"ಮತ್ತೆ ಯಾಕೆ..."

"ನನ್ನನ್ನ ಏನು ಕೇಳ್ತೀರಿ? ಗೊತ್ತಿದ್ರೆ ಹೇಳ್ತಿದ್ದೆ." ಅವನ ಬಾಯಿ ತೆರೆಯಿತು. "ಕ್ಷಮಿಸಿ ಗಿಮಿಸಿ ಅಂದ್ರೆ ಇಲ್ಲೇ ನೀರಿಗೆ ತಳ್ತೀನಿ. ಆ ಮಾತು ನಂಗೆ ಬೇಡ."

ಬಾಯಿ ಮುಚ್ಚಿಕೊಂಡ. ನಾನು ತೂಬಿನ ಹಿಡಿಯನ್ನು ಅವನ ಮಡಿಲಿಗೆ ಹಾಕಿದೆ. ಹಾವು ಬಿದ್ದ ಹಾಗೆ ಬೆಚ್ಚಿದ.

"ತಗೊಳ್ಳಿ. ಮೆಡ್ಲರ್ ಲಾಕಿನೊಳಗೆ ತರ್ತೀನಿ. ನಾನು ಮೂತೀಲಿ ನಿಲ್ತೀನಿ, ಅವರಿದ್ದ ಕಡೆ. ಬಾಗಿಲು ತೆಗೆದಿರುತ್ತೆ. ನೀವು ಎತ್ತಬೇಕು."

"ಆಗಲ್ಲ. ಗ್ಲೆಂಡಾ ಅವ್ರೇ, ಕೈ ಮುಗೀತೀನಿ, ನನ್ನ ಕೈಲಿ ಆಗಲ್ಲ."

"ಆಗ್ಬೇಕು. ಇಷ್ಟು ದಿನ ನಿಮ್ಮ ದೋಣಿ ನಾನು ಇಳಿಸಿಲ್ವಾ?"

ದೋಣಿ ಒಳಗೆ ತಂದೆ, ಹಗ್ಗ ಬಿಗಿದೆ. ಅವನು ಹಿಂದೆ ಕದ ಮುಚ್ಚಿದ. ಮೂತಿಗೆ ಹೋಗಿ ನಿಂತೆ. ಗೋಡೆಗಳು ಎರಡೂ ಕಡೆ ಒದ್ದೆ, ತಣ್ಣಗೆ, ತಲೆಗಿಂತ ಎತ್ತರ. ಆಕಾಶ ಒಂದು ಪಟ್ಟಿಯಷ್ಟು. ಅವನ ತಲೆ ಮೇಲೆ ಕಾಣಿಸಿತು. ಹಿಡಿ ತೂಬಿಗೆ ತಾಗಿ ಟಣಟಣ ಅನ್ನುತ್ತಿತ್ತು.

"ಎತ್ತಿ!"

ಅರ್ಧ ಸುತ್ತು. ತಳದಲ್ಲೆಲ್ಲೋ ನೀರು ಮಿಸುಕಿತು. ನನ್ನ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು, ಯಾವಾಗ ಹಿಡಿಯಿತೋ.

"ಸಾಕಾ?" ಅಂತ ಮೇಲಿಂದ ಕೇಳಿದ.

"ಇನ್ನೊಂಚೂರು."

"ಈಗ?"

"ಇನ್ನೊಂಚೂರು. ನನ್ನ ನೋಡ್ರೀ, ಆ ಹಿಡೀನಲ್ಲ. ನನ್ನ ನೋಡ್ಕೊಂಡು ಎತ್ತಿ."

ನೋಡಿಕೊಂಡು ಎತ್ತಿದ. ಕಣ್ಣಿಂದ ನೀರು ಧಾರಾಕಾರ, ಒರೆಸಿಕೊಳ್ಳಲು ಕೈ ಬಿಡುವಿಲ್ಲ. ನನ್ನ ಕಾಲಕೆಳಗೆ ದೋಣಿ ಏರಿತು. ಗೋಡೆಯ ಪಾಚಿ ಕೆಳಗೆ ಹೋಯಿತು, ಆಮೇಲೆ ಇಟ್ಟಿಗೆ, ಆಮೇಲೆ ಅವನ ಬೂಟು, ಮೊಣಕಾಲು, ಮುಖ. ಹಿಂದೆ ಎರಡು ದೋಣಿಗಳು ಬಂದು ಕಾಯುತ್ತಿದ್ದವು. ಯಾವನೋ ಹಾರ್ನ್ ಒತ್ತಿದ. "ಸಾಯ್ತಾ ಇರು ಅಲ್ಲೇ!" ಅಂತ ನಾನು ಕೂಗಿದೆ.

ಮೇಲೆ ಬಂದಾಗ ನಾವಿಬ್ಬರೂ ಒಂದೇ ಎತ್ತರಕ್ಕೆ ನಿಂತಿದ್ದೆವು. ಮುಗಿಯಿತು ಅಂದುಕೊಂಡನೋ ಏನೋ, ಹಿಡಿಯನ್ನು ವಾಪಸ್ ಚಾಚಿದ.

"ಇಟ್ಕೊಳ್ಳಿ," ಅಂದೆ. "ಟೀಸಲ್ ಇನ್ನೂ ಕೆಳಗೇ ಇದೆ. ಸೋಮವಾರ ಹ್ಯಾಟನ್."


ಮೇ ೧೮, ಸೋಮವಾರ. ಹ್ಯಾಟನ್

ಹ್ಯಾಟನ್ನಿನಲ್ಲಿ ಇಪ್ಪತ್ತೊಂದು ಲಾಕು, ಗುಡ್ಡ ಹತ್ತಿದ ಹಾಗೆ. ಎರಡು ದೋಣಿಗಳನ್ನೂ ಒಟ್ಟಿಗೆ ಕಟ್ಟಿ ನಾನು ಚುಕ್ಕಾಣಿ ಹಿಡಿದೆ. ದಡದ ಕೆಲಸವೆಲ್ಲ ಅವನದು. ಇದೇ ನನ್ನ ಸೇಡು. ಒಂದೂ ಬಿಡುವುದಿಲ್ಲ ಅಂತ ಬೆಳಿಗ್ಗೆಯೇ ಹೇಳಿದ್ದೆ. "ಸರಿ," ಅಂದ.

ಮೂರನೆಯದರ ಹತ್ತಿರ ಲಾಕು ನೋಡಿಕೊಳ್ಳುವ ಗುರ್‌ದೀಪ್ ಬಂದ. ಲೆಮಿಂಗ್ಟನ್ನಿನವನು, ನೀಲಿ ಪೇಟ, ಅದೇ ನೀಲಿಯ ಜಾಕೆಟ್ಟು. ಅವನ ಕೈಯಲ್ಲೂ ಹಿಡಿ ಇತ್ತು.

"ಕೊಡಿ ಅಂಕಲ್, ಒಂದು ಕಡೆದು ನಾನ್ ಎತ್ತತೀನಿ."

"ಅವರೇ ಎತ್ತಲಿ," ಅಂದೆ ಕೆಳಗಿಂದ.

"ಆಂಟಿ, ಇಪ್ಪತ್ತೊಂದಿವೆ! ಈ ವಯಸ್ಸಲ್ಲಿ? ಮಧ್ಯಾಹ್ನದೊಳಗೆ ಅವರನ್ನ ಹೊತ್ಕೊಂಡು ಹೋಗ್ಬೇಕಾಗುತ್ತೆ."

"ಹೊತ್ಕೊಂಡು ಹೋಗೋಣಂತೆ."

ಗುರ್‌ದೀಪ್ ಅವನ ಮುಖ ನೋಡಿದ. ಅವನು ತಲೆಯಾಡಿಸಿ, "ಬೇಡಪ್ಪ, ಇದು ನಂದು," ಅಂದ. ಗುರ್‌ದೀಪ್ ನಮ್ಮನ್ನು ಜಗಳವಾಡಿದ ಗಂಡಹೆಂಡತಿ ಅಂದುಕೊಂಡಿರಬೇಕು, ನಗು ತಡೆದುಕೊಂಡು ಮುಂದಿನ ಕದ ತೆರೆಯಲು ಹೋದ.

ಇಲ್ಲಿಯ ತೂಬುಗಳು ನಿಧಾನ. ಸುತ್ತಿ ಸುತ್ತಿ ಉಬ್ಬಸ ಬರುತ್ತದೆ. ಮೊದಲೆಲ್ಲ ಪ್ರತಿ ಸಲ ಎತ್ತುವ ಮುಂಚೆ ನನ್ನ ಕಡೆ ನೋಡುತ್ತಿದ್ದ, ನಾನು ಕೈ ಎತ್ತುತ್ತಿದ್ದೆ. ಬರುಬರುತ್ತಾ ನೋಡುವುದು ಕಡಿಮೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಅವನ ಬಲಭುಜ ಮೇಲೇಳುತ್ತಿರಲಿಲ್ಲ, ಎಡಗೈಯಲ್ಲಿ ಸುತ್ತುತ್ತಿದ್ದ. ನನಗೆ ಇದನ್ನು ನೋಡಿದರೆ ತಣ್ಣಗಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಒಂದು ಲಾಕಿನಲ್ಲಿ ಅವನು ಕದದ ತೊಲೆಗೆ ಬೆನ್ನು ಕೊಟ್ಟು ತಳ್ಳಿದರೆ ಕದ ಅಲುಗಲಿಲ್ಲ. ಹೀಗಾದರೆ ಕತ್ತಲಾಗುತ್ತದೆ ಅಂತ ನಾನೇ ಏಣಿ ಹತ್ತಿ ಅವನ ಪಕ್ಕ ಬೆನ್ನು ಕೊಟ್ಟೆ. ಕದ ತೆರೆಯಿತು. ಆಮೇಲಿನ ಕದಗಳಿಗೂ ಹಾಗೇ ಮಾಡಬೇಕಾಯಿತು. ತೂಬು ಮಾತ್ರ ಮುಟ್ಟಲಿಲ್ಲ.

"ಡೆಸ್ ಏನ್ ಕೆಲ್ಸ ಮಾಡ್ತಿದ್ರು?" ಅಂತ ಒಂದು ಕಡೆ ಕೇಳಿದ. ಆ ಹೆಸರು ಅವನ ಬಾಯಲ್ಲಿ ಮೊದಲ ಸಲ.

"ಗಡಿಯಾರ ರಿಪೇರಿ. ಮನೇಲಿ ಒಂದೂ ಸರಿಯಾದ ಟೈಮ್ ತೋರಿಸ್ತಿರ್ಲಿಲ್ಲ." ನಾನು ನಕ್ಕೆನೇನೋ. ಅವನು ನಗಲಿಲ್ಲ, ಒಳ್ಳೆಯದೇ ಮಾಡಿದ.

ಮೇಲೆ ತಲುಪಿದಾಗ ಬಿಸಿಲು ಇಳಿದಿತ್ತು. ಗುರ್‌ದೀಪ್ ಇಬ್ಬರಿಗೂ ಕೈ ಬೀಸಿ ಸೈಕಲ್ ಏರಿ ಹೋದ. ಇವನು ಹುಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟ. ಅಂಗೈಗಳಲ್ಲಿ ಬೊಬ್ಬೆಗಳು ಎದ್ದು ಒಡೆದಿದ್ದವು.

"ಮುಂದೆ ನೋಲ್‌ನಲ್ಲೂ ಇವೆ," ಅಂದೆ.

"ಗೊತ್ತು. ಐದು."

ನಾನು ಅವನನ್ನು ಕ್ಷಮಿಸಿಲ್ಲ, ಇಲ್ಲಿ ಬರೆದಿಡುತ್ತೇನೆ. ಕ್ಷಮೆ ಕೇಳಿದ್ದರೆ ಖಂಡಿತ ಕೊಡುತ್ತಿರಲಿಲ್ಲ. ಅವನು ಕೇಳಲೂ ಇಲ್ಲ. ಆಗಲೇ, ನಾನು ಒಲೆ ಹಚ್ಚುತ್ತಿದ್ದಾಗ, ನನ್ನ ಕಿಟಕಿ ತಟ್ಟಿ, ಭುಜ ಎತ್ತಲಾಗುತ್ತಿಲ್ಲ, ಬಿಸಿನೀರಿನ ಚೀಲ ಇದೆಯಾ ಅಂತ ಕೇಳಿದ.

ಇತ್ತು. ತುಂಬಿಸಿ, ಟವೆಲ್ ಸುತ್ತಿ ಕೊಟ್ಟೆ. ಬೆಳಿಗ್ಗೆ ಲಾಕಿಗೆ ಬರುವಾಗ ವಾಪಸ್ ತರಬೇಕು, ಮರೆತರೆ ಚೆನ್ನಾಗಿರಲ್ಲ ಅಂದೆ.